ಹದಿನಾರು ಮನೆಯ ಪಟ್ಟಿ

ಶುಕ್ರವಾರದೊಳಗೆ ಅಂಕಿ ಬೇಕಂತೆ.
ಪ್ರಿನ್ಸಿಪಾಲ್ ಹ್ಯಾಸ್ಕೆಲ್ ಬಾಗಿಲಲ್ಲೇ ನಿಂತು ಹೇಳಿದರು,
ಒಳಗೆ ಬಂದರೆ ಪುಸ್ತಕ ಒಯ್ಯಬೇಕಾದೀತು ಎಂಬಂತೆ:
"ಗ್ರಂಥಾಲಯದಲ್ಲಿ ಮಕ್ಕಳು ಕಲಿತದ್ದೇನು?
ಮಂಡಳಿ ಕೇಳುತ್ತಿದೆ. ಒಂದು ಪುಟ ಸಾಕು."

ಎಷ್ಟು ಪುಸ್ತಕ ಹೊರಗೆ ಹೋದವು, ಹೇಳಬಲ್ಲೆ:
ಆರು ಸಾವಿರದ ನೂರ ಹನ್ನೆರಡು.
ಎಷ್ಟು ಮರಳಿದವು, ಅದನ್ನೂ.
ಒಂದರ ನಡುವೆ ಗುರುತಿಗೆಂದು ಬೇಕನ್ ಚೂರು ಇತ್ತು.
ಅಲ್ಲಿಯವರೆಗೆ ಓದಿದ್ದಕ್ಕೆ ಬೇರೆ ಸಾಕ್ಷಿ ಬೇಕೆ?
ಮಂಡಳಿ ಬೇಕನ್ ಎಣಿಸುವುದಿಲ್ಲ.

ಹಾಗಾಗಿ ಪಟ್ಟಿ ಗೀಚಿದೆ.
ನಾಲ್ಕು ಅಡ್ಡ, ನಾಲ್ಕು ಉದ್ದ, ಹದಿನಾರು ಮನೆ.
ಪ್ರಶ್ನೆ ಕೇಳುವುದು, ಹುಡುಕುವುದು,
ಒರೆಗೆ ಹಚ್ಚುವುದು, ಆಕರ ಹೇಳುವುದು.
ಎಡದ ತುದಿಗೆ 'ಇನ್ನೂ ಇಲ್ಲ', ಬಲದ ತುದಿಗೆ 'ಮೀರಿದೆ'.
ಗೆರೆಗಳು ನೇರ ಬಂದವು. ನನಗೇ ಹೆಮ್ಮೆ.

ಮೊದಲು ಕಾರ್ವಿನ್ ಡೇಗಲ್‌ನ ಕಡತ.
ಒಂಬತ್ತು ಆಕರ, ಅಕಾರಾದಿಯಾಗಿ,
ಒಂದು ಅಲ್ಪವಿರಾಮವೂ ಜಾಗ ತಪ್ಪಿಲ್ಲ.
ವಿಷಯ ತಿಮಿಂಗಿಲ.
ಅವನಿಗೆ ತಿಮಿಂಗಿಲದ ಮೇಲೆ ಪ್ರೀತಿಯಿಲ್ಲ, ಸಿಟ್ಟೂ ಇಲ್ಲ.
ನಾಲ್ಕು, ನಾಲ್ಕು, ನಾಲ್ಕು, ನಾಲ್ಕು.
ಪೆನ್ನು ಜಾರಿಕೊಂಡು ಹೋಯಿತು.

ಆಮೇಲೆ ಏಳನೆಯ ತರಗತಿಯ ಫರ್ನ್ ವಿಲೆಟ್.
"ಲಾಂಗ್ ಟಾಮ್ ಸರೋವರ ಎಷ್ಟು ಆಳ?"
ಮಾರ್ಚಿಯಲ್ಲಿ ಕೇಳಿದ್ದು ಅಷ್ಟೇ.
ಎರಡು ನಿಮಿಷಕ್ಕೆ ಉತ್ತರ ಸಿಕ್ಕಿತು, ಮುಖ ಸಪ್ಪಗಾಯಿತು.
ಮೇನ್‌ನ ಈ ಉತ್ತರ ಮೂಲೆಯಲ್ಲಿ
ಮೇ ಬಂದರೂ ಹೀಟರ್ ಆರಿಸುವಂತಿಲ್ಲ;
ಅದರ ಪಕ್ಕ ಮೂರು ವಾರ ಕೂತು ಉಗುರು ಕಚ್ಚಿದಳು.
(ಆ ಮೂರು ವಾರಕ್ಕೆ ನನ್ನ ಪಟ್ಟಿಯಲ್ಲಿ ಮನೆಯಿಲ್ಲ.)
ಒಂದು ದಿನ, ಕೋಟು ಬಿಚ್ಚದೆಯೇ:
"ತಾತನ ಟ್ರಕ್ ಮುಳುಗಿದ ವರ್ಷ
ಮಂಜುಗಡ್ಡೆ ಒಡೆದದ್ದು ಯಾವ ದಿನ?"

ಅವರ ಮನೆಯಲ್ಲಿ ಅದು ಮೂವತ್ತು ವರ್ಷದ ಜಗಳ.
ನೀರಾಗಿತ್ತು, ಮುದುಕ ಕುಡಿದಿದ್ದ, ಎಂದು ಅಜ್ಜಿ.
ಗಟ್ಟಿಯೇ ಇತ್ತು, ಸರೋವರ ಕೈ ಕೊಟ್ಟಿತು, ಎಂದು ತಾತ.
ಟ್ರಕ್ ಇನ್ನೂ ತಳದಲ್ಲಿದೆ, ಯಾರ ಪರವೂ ಅಲ್ಲ.

ಜಾಲತಾಣದಲ್ಲಿ ಏಪ್ರಿಲ್ ಹತ್ತೊಂಬತ್ತು.
ಪುರಸಭೆಯ ದಪ್ಪ ಪುಸ್ತಕದಲ್ಲಿ ಇಪ್ಪತ್ಮೂರು.
ಬೂಷೆಯವರ ಹಾರ್ಡ್‌ವೇರ್ ಅಂಗಡಿಯಲ್ಲಿ, ಮೊಳೆ ಡಬ್ಬಗಳ ಹಿಂದೆ,
ಮೂರು ತಲೆಮಾರು ಪೆನ್ಸಿಲಲ್ಲಿ ಬರೆದಿಟ್ಟ ಗೋಡೆಯ ಮೇಲೆ
ಇಪ್ಪತ್ತೊಂದು.

ಬೇರೆಯವರಾದರೆ ಒಂದನ್ನು ಆರಿಸಿ ಎರಡನ್ನು ಮರೆಯುತ್ತಿದ್ದರು,
ನಾನೂ ಸೇರಿ.
ಇವಳು ಸೈಕಲ್ ಹತ್ತಿ ದಂಡೆ ಸುತ್ತಿದಳು.
ಅಳೆಯುವ ಕೋಲು ನೆಟ್ಟದ್ದು ಅಣೆಕಟ್ಟಿನ ಬಳಿ, ಹರಿಯುವ ನೀರಲ್ಲಿ.
ಅಂಗಡಿಯ ಕಿಟಕಿಗೆ ಕಾಣುವುದು ನಡುವಿನ ಕೊಲ್ಲಿ ಮಾತ್ರ.
ಪುರಸಭೆಯವರು ಕಾದದ್ದು
ದೋಣಿ ಈ ತುದಿಯಿಂದ ಆ ತುದಿಗೆ ಹೋಗುವ ತನಕ.

ಕೊನೆಯ ಪುಟದಲ್ಲಿ, ಕಾಗುಣಿತ ಅಲ್ಲಲ್ಲಿ ಎಡವಿ:
"ಮೂವರೂ ಸುಳ್ಳು ಹೇಳಿಲ್ಲ. ನಿಂತ ಜಾಗ ಬೇರೆ.
ತಾತ ಮುಳುಗಿದ್ದು ಇಪ್ಪತ್ತಕ್ಕೆ.
ಯಾವ ಕಡೆಯಿಂದ ಇಳಿದೆ ಎಂದು
ಅವನನ್ನು ಇಷ್ಟು ವರ್ಷ ಯಾರೂ ಕೇಳಿಲ್ಲ."

ಆಕರಗಳ ಪಟ್ಟಿ?
"ಗೋಡೆ. ಪೆನ್ಸಿಲ್.
ಮಿಸ್ಟರ್ ಬೂಷೆ ಡಬ್ಬ ಸರಿಸಿಕೊಟ್ಟರು."
ಪುಟಸಂಖ್ಯೆ ಇಲ್ಲ, ಪ್ರಕಾಶಕರಿಲ್ಲ.
ನಿಯಮದಂತೆ ಒಂದು. ಬರೆದೆ, ಅಳಿಸಿದೆ.
ಮೂರು. ಅಳಿಸಿದೆ.
ಎರಡು ಎನ್ನುವಷ್ಟರಲ್ಲಿ
ಕಾಗದ ಅಲ್ಲಿ ತೆಳ್ಳಗಾಗಿತ್ತು.

ಮರುದಿನ ನೋಡಿದಳು. ಮುನಿಯಲಿಲ್ಲ.
"ಮಿಸೆಸ್ ಟಾರ್ಡಿಫ್, ಇದನ್ನು
ಯಾವ ದಂಡೆಯಲ್ಲಿ ನಿಂತು ನೋಡಿದಿರಿ?"
ಕೊಂಕಲ್ಲ; ಬರೆದುಕೊಳ್ಳಲು
ನೋಟ್‌ಬುಕ್ ತೆರೆದು ಹಿಡಿದಿದ್ದಳು.
ನಾನು ಬಾಯಿ ತೆರೆಯುವ ಮೊದಲೇ ಬಸ್ಸಿನ ಹಾರ್ನ್ ಆಯಿತು.
ಆಯಿತೆಂದು ಖುಷಿಯೂ ಆಯಿತು, ಸುಳ್ಳೇಕೆ.

ಪುಟ ಕಳಿಸಿದೆ. ಸರಾಸರಿ ಮೂರು ದಶಮಾಂಶ ಒಂದು.
ಕೆಳಗೆ 'ಇತರೆ' ಎಂಬಲ್ಲಿ ಎರಡು ಬೆರಳಷ್ಟು ಖಾಲಿ ಜಾಗವಿತ್ತು.
ಅಂಗಡಿಯ ವಿಳಾಸ ಬರೆದೆ:
ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ.
ಡಬ್ಬಗಳು ಭಾರ, ಸರಿಸಲು ಇಬ್ಬರು ಬೇಕು.