ಗುಳ್ಳೆಗೆ ಐದು ರೂಪಾಯಿ

ಗುಳ್ಳೆಗೆ ಐದು ರೂಪಾಯಿ ಎಂದು ಮಾತಾಗಿತ್ತು.
ಕುಂಬಳೆಯ ರೈಲು ಗೇಟಿನ ಪಕ್ಕ, ಝೆರಾಕ್ಸ್ ಅಂಗಡಿಯ ಅಟ್ಟದಲ್ಲಿ
ಮಿಸ್ರಿಯ ಚಿತ್ರ ಬರೆಯುತ್ತಾಳೆ, ನಾನು ಗುಳ್ಳೆಯೊಳಗೆ ಅಕ್ಷರ.
ಮೂವತ್ತೊಂದು ವರ್ಷ ಬೋರ್ಡು ಬರೆದ ಕೈ ಇದು:
ಹಿಟ್ಟಿನ ಗಿರಣಿ, ಹಲ್ಲಿನ ಡಾಕ್ಟರು, ಇಲ್ಲಿ ಮೂತ್ರ ಮಾಡಬಾರದು.
ಮೇಲೆ ಮಲಯಾಳ, ಕೆಳಗೆ ಕನ್ನಡ;
ಜಾಗ ಸಾಲದಿದ್ದರೆ ಕನ್ನಡವನ್ನೇ ಚೂರು ಒತ್ತಿ ಕೂರಿಸುತ್ತಿದ್ದೆ.
ಆಮೇಲೆ ಫ್ಲೆಕ್ಸ್ ಬಂತು. ಕುಂಚ ಡಬ್ಬಿಯಲ್ಲೇ ಒಣಗಿತು.

ಅವಳ ವೀರನ ಹೆಸರು ಮುರಕಲ್ಲ.
ಪೆರ್ಲದ ಗುಡ್ಡೆಯಲ್ಲಿ ಕಲ್ಲು ಕೊಯ್ಯುವ ಯಂತ್ರ
ಒಂದು ದಿನ ಕೊಯ್ಯಲಾರದೆ ನಿಂತಿತು. ಅಲ್ಲಿ ಅವನ ಬೆನ್ನು.
ಮೈತುಂಬ ತೂತು, ತೂತಿನೊಳಗೆ ಕೆಂಪು ಧೂಳು,
ಎದ್ದು ನಿಂತರೆ ತೆಂಗಿನ ತಲೆ ಅವನ ಸೊಂಟಕ್ಕೆ.
ಮೊದಲ ಸಂಚಿಕೆಯಲ್ಲಿ ಶಿರಿಯ ಸೇತುವೆಯಿಂದ ಜಾರಿದ
ಗ್ಯಾಸ್ ಟ್ಯಾಂಕರನ್ನು ಬೆಕ್ಕಿನ ಮರಿಯಂತೆ ಕತ್ತು ಹಿಡಿದೆತ್ತಿದ.
ಢಮಾರ್, ಧಡಲ್, ಮುಳ್ಳುಮುಳ್ಳು ಗುಳ್ಳೆಗಳು.
"ಹೆದರಬೇಡಿ, ನಾನಿದ್ದೇನೆ!" ಎಂದು ಹದಿನೆಂಟು ಸಲ.
ಒಟ್ಟು ಇನ್ನೂರ ಹದಿನಾಲ್ಕು. ಆ ತಿಂಗಳು
ಮನೆಗೆ ಹೊಸ ಕುಕ್ಕರ್ ಬಂತು.

ಮೂರನೆಯದರಲ್ಲಿ ಕೆಟ್ಟಿತು.
ಹಳಿ ತಪ್ಪಿದ ಗೂಡ್ಸ್ ರೈಲನ್ನು ಹೆಗಲಿಗೇರಿಸಿ ನಿಂತವನನ್ನು
ಬಂಗುಡೆ ಬುಟ್ಟಿಯ ಅಂಗಾರೆ ತಲೆಯೆತ್ತಿ ಕೇಳಿದಳು:
"ಎತ್ತಿದೆ, ಸರಿ ಮಾರಾಯ. ಇಳಿಸಲಿಕ್ಕೆ ಗೊತ್ತುಂಟಾ?"
ಅದನ್ನು ನಾನೇ ಬರೆದದ್ದು, ನೀಟಾಗಿ, ಐದು ರೂಪಾಯಿಗೆ.
ಆ ಪುಟದಿಂದಾಚೆ ಅವನು ಯಾರನ್ನೂ ಕಾಪಾಡಲಿಲ್ಲ.
ರೈಲು ಹೊತ್ತುಕೊಂಡೇ ಬಲ್ಲವರನ್ನು ಹುಡುಕಿ ಹೊರಟ.
ಒಬ್ಬ ಕಣ್ಣು ಮುಚ್ಚು ಎಂದ.
ಮುಚ್ಚಿದ; ರೆಪ್ಪೆ ಬಡಿದ ಗಾಳಿಗೆ ನಾಲ್ಕು ಮನೆಯ ಹಂಚು ಹಾರಿತು.
ಇನ್ನೊಬ್ಬ, ನೀನು ಯಾರೆಂದು ಕೇಳಿಕೋ ಎಂದ.
ಕೇಳಿಕೊಂಡ, ಪಾಪ, ರೇಷನ್ ಕಾರ್ಡೂ ಇಲ್ಲದವನು.

"ಅವನು ಯಾವ ಭಾಷೆಯಲ್ಲಿ ಯೋಚಿಸ್ತಾನೆ ಐತಪ್ಪಣ್ಣ?"
"ನೀನು ಯಾವುದರಲ್ಲಿ?" ಎಂದೆ.
ಲೆಕ್ಕ ಮಲಯಾಳದಲ್ಲಿ, ಬೈಗುಳ ಬ್ಯಾರಿಯಲ್ಲಿ, ಬಣ್ಣಗಳ ಹೆಸರು ಕನ್ನಡದಲ್ಲಿ;
ಪೆನ್ಸಿಲ್ ಕಚ್ಚಿ ಕೂತಾಗ ಯಾವುದೂ ಇಲ್ಲವಂತೆ.

ಆಮೇಲಿನ ಸಂಚಿಕೆಗೆ ತೊಂಬತ್ತು. ಮತ್ತೆ ಇಪ್ಪತ್ತಾರು. ಮತ್ತೆ ಏಳು.
"ಅವನಿಗೆ ಜ್ಞಾನ ಬಂದರೆ ನಮಗೆ ಅಕ್ಕಿ ಬರ್ತದಾ?"
ಎಂದಳು ಸುಂದರಿ, ಬೀಡಿ ಎಲೆ ಕತ್ತರಿಸುತ್ತ,
"ದೀಪಾವಳಿ ಕಳೆಯುವವರೆಗೆ ತಡೆಯಲಿಕ್ಕೆ ಹೇಳಿ."
ಹೇಳಿದೆ. ಮಿಸ್ರಿಯ ನಕ್ಕು, ನನಗೋಸ್ಕರ,
ಹನ್ನೊಂದು ಗುಳ್ಳೆಯ ವಾಚಾಳಿ ಕಳ್ಳನೊಬ್ಬನನ್ನು ಸೇರಿಸಿದಳು.

ಕಡೆಯ ಸಂಚಿಕೆ.
ತಾನು ಹುಟ್ಟಿದ ಕ್ವಾರಿಗೇ ಇಳಿದು ಕೂತಿದ್ದಾನೆ.
ಮಳೆನೀರು ಎದೆಯವರೆಗೆ, ಮೂಗಿನ ಮೇಲೊಂದು ಏರೋಪ್ಲೇನ್ ಚಿಟ್ಟೆ.
ಆ ಕಲ್ಲೇ ಹಾಗೆ, ನೆಲದೊಳಗೆ ಮೆತ್ತಗೆ, ಗಾಳಿ ತಾಗಿದರೆ ಗಟ್ಟಿ;
ಅವಳಿಗೆ ಅದನ್ನು ಹೇಳಿದ್ದೂ ನಾನೇ, ಬೇರೇನೋ ಮಾತಿಗೆ.
ರೈಲು ಎಲ್ಲಿ? ಯಾವ ಪುಟದಲ್ಲಿ ಇಳಿಸಿದ?
ಹಿಂದೆ ಮುಂದೆ ಮಗುಚಿ ನೋಡಿದೆ, ಸಿಗಲಿಲ್ಲ.
ಒಂದೇ ಗುಳ್ಳೆ. ಒಳಗೆ ಏನಿಲ್ಲ.
"ಗೆರೆ ನೀವೇ ಎಳೆಯಿರಿ, ನನ್ನ ಕೈ ನಡುಗ್ತದೆ."

ಮಧ್ಯಾಹ್ನವಿಡೀ ಎಳೆದೆ. ಎಂಟು ಕಾಗದ ಹಾಳು.
ಅಕ್ಷರವಿಲ್ಲದ ಗುಳ್ಳೆ ಒಮ್ಮೆ ಮೊಟ್ಟೆ, ಒಮ್ಮೆ ಬಟಾಟೆ;
ಶುರುವಾದಲ್ಲಿಗೇ ಮುಟ್ಟುವ ಹೊತ್ತಿಗೆ ಕೈಗೆ ಅವಸರ.
ಐದು ರೂಪಾಯಿ ಕೊಟ್ಟಳು. ತೆಗೆದುಕೊಂಡೆ.

ಅಚ್ಚಾದದ್ದು ನಲವತ್ತು ಪ್ರತಿ, ಒಂದು ವಾಚನಾಲಯದಲ್ಲಿ.
ಮೊನ್ನೆ ತೆಗೆದು ನೋಡಿದರೆ ಯಾವನೋ ಹುಡುಗ
ಆ ಗುಳ್ಳೆಯೊಳಗೆ ಪೆನ್ಸಿಲಿನಲ್ಲಿ ಬರೆದಿದ್ದಾನೆ:
"ಮೀನು ಕಚುತದೆ."
ಎರಡು ಒತ್ತಕ್ಷರ ಬಿಟ್ಟಿದ್ದ.
ಸುತ್ತ ಯಾರೂ ಇರಲಿಲ್ಲ. ಕಿಸೆಯಿಂದ ಪೆನ್ನು ತೆಗೆದು
ಎರಡನ್ನೂ ಹಾಕಿದೆ.
ಮೂವತ್ತೊಂದು ವರ್ಷದ ಕೈ, ಏನು ಮಾಡುವುದು.