ಇಪ್ಪತ್ತಮೂರು ದಿನದ ಕಾಗದ

ಕೂಬರ್ ಪೀಡಿಯಲ್ಲಿ ಬಿಸಿಲಿಗೆ ಹೆದರಿ
ಜನ ಗುಡ್ಡ ಕೊರೆದು ಒಳಗೆ ಮನೆ ಮಾಡಿದ್ದಾರೆ.
ಮೊಳೆ ಹೊಡೆಯಲು ಹೋಗಿ ಗೋಡೆಯಲ್ಲಿ ಓಪಲ್ ಸಿಕ್ಕ ಕಥೆ
ಮನೆಗೊಂದಿದೆ; ಓಪಲ್ ಮಾತ್ರ ಯಾರ ಮನೆಯಲ್ಲೂ ಇಲ್ಲ.
ಊರ ಹೊರಗೆ ಹಲಗೆ: ಹಿಂದೆ ಹಿಂದೆ ನಡೆಯಬೇಡಿ,
ಮುಚ್ಚದ ಗುಂಡಿಗಳಿವೆ.

ನಾನಿಲ್ಲಿ ಐದನೆಯ ತರಗತಿಯ ಮೇಷ್ಟ್ರು. ಹದಿನಾಲ್ಕು ಮಕ್ಕಳು.
ಹಟ್ಟಿಯ ಶಾಲೆಗೆ ಕಾಗದ ಬರೆಯೋಣ ಎಂದವನು ನಾನೇ.
ಅದೂ ಗಣಿಯ ಊರು, ಚಿನ್ನದ್ದು, ರಾಯಚೂರು ಸೀಮೆ;
ಅಲ್ಲಿಯ ಟೀಚರು ಶಶಿರೇಖಾ ನನ್ನೊಡನೆ ಬಿ.ಎಡ್. ಓದಿದವಳು.
ಹೋಗಲು ಇಪ್ಪತ್ತಮೂರು ದಿನ, ಬರಲು ಇಪ್ಪತ್ತಮೂರು ದಿನ.
‘ಫೋನು ಮಾಡಬಹುದಲ್ಲ?’ ಅಂದ ಜೊವಾನ್.
‘ಮಾಡಬಹುದು’ ಅಂದೆ, ಲಕೋಟೆಗೆ ಅಂಟು ಹಚ್ಚುತ್ತ.

ಅವನು ಬರೆದಿದ್ದ: ನಮ್ಮ ಮನೆ ನೆಲದ ಕೆಳಗಿದೆ,
ದೀಪ ಆರಿಸಿದರೆ ನನ್ನ ಕೈ ನನಗೇ ಕಾಣುವುದಿಲ್ಲ.
ಉತ್ತರ ಬಂತು. ಮೈ ಡಿಯರ್ ಫ್ರೆಂಡ್, ಐ ಆಮ್ ಫೈನ್.
ಅಷ್ಟಕ್ಕೆ ಇಂಗ್ಲಿಷು ಖರ್ಚಾಗಿ
ಮುಂದಿನದೆಲ್ಲ ಕನ್ನಡ, ಪೆನ್ಸಿಲು, ಗೆರೆ ದಾಟಿದ ಒತ್ತಕ್ಷರ:

‘ನಮ್ಮಪ್ಪನೂ ಭೂಮಿ ಒಳಗ ಹೋಗ್ತಾನ. ಆದ್ರ ಮಲಗಾಕ ಮ್ಯಾಲ ಬರ್ತಾನ.
ನೀವು ಮಲಗಾಕ ಒಳಗ ಹೋಗ್ತೀರಿ. ಇದು ಉಲ್ಟಾ ಆತು.
ನಿಮ್ಮೂರಾಗ ಸೈರನ್ ಐತೇನು? ನಮ್ಮಲ್ಲಿ ಪಾಳಿಗೊಮ್ಮೆ ಕೂಗತೈತಿ.
ಇವತ್ತು ನಡುವ ಒಮ್ಮೆ ಕೂಗಿತು.
ಅವ್ವ ಒಲಿ ಹಂಗ ಬಿಟ್ಟು ಗೇಟಿಗೆ ಹೋಗ್ಯಾಳ.
ರೊಟ್ಟಿ ನಾನ ತಿರುವಿ ಹಾಕೀನಿ, ಒಂದು ಹೊತ್ತಿತು.
ಅಪ್ಪ ಇನ್ನಾ ಮ್ಯಾಲ ಬಂದಿಲ್ಲ.
ಕಾಂಗರೂ ಕಚ್ಚತಾವೇನು?
ಇಂತಿ, ಹುಲಿಗೆಮ್ಮ.’

ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿ ಓದುತ್ತಿದ್ದವನು
ಒಂದು ಸಾಲು ಬಿಟ್ಟು ಕಾಂಗರೂಗೆ ಹಾರಬಹುದಿತ್ತು.
ಹಾರಲಿಲ್ಲ. ಕಾಂಗರೂ ಬಗ್ಗೆ ಯಾರೂ ಏನೂ ಅನ್ನಲಿಲ್ಲ.
‘ಈಗ ಬಂದಿರ್ತಾರಾ?’
‘ಕಾಗದ ಇಪ್ಪತ್ತಮೂರು ದಿನ ಹಳೇದು’ ಅಂದ ಜೊವಾನ್,
‘ಅಷ್ಟು ದಿನ ಯಾರು ಒಳಗಿರ್ತಾರೆ? ಬಂದಾಗಿದೆ.’
ಎಲೆನಿ ಏನೋ ಹೇಳಹೋಗಿ ಸುಮ್ಮನಾದಳು.
ಅವಳ ಅಜ್ಜನ ಗುಂಡಿಗೆ ಈಗ ಮುಚ್ಚಳವಿದೆ.

ಊಟದ ಬಿಡುವಿನಲ್ಲೇ ಜೊವಾನ್ ಬರೆದ:
ಕಾಂಗರೂ ಕಚ್ಚಲ್ಲ, ಒದೆಯುತ್ತೆ.
ಕೆಳಗೆ ಇನ್ನೇನೋ ಬರೆದು, ಅಳಿಸಿ,
ಮತ್ತೆ ಬರೆದು, ಮತ್ತೆ ಅಳಿಸಿ, ಅಲ್ಲಿ ಹಾಳೆ ತೂತಾಯಿತು.
ಮಣ್ಣಗುಪ್ಪೆಯಲ್ಲಿ ತಾನೇ ಹೆಕ್ಕಿದ ಓಪಲ್ ಚೂರೊಂದನ್ನು
ಹತ್ತಿಯಲ್ಲಿ ಸುತ್ತಿ ಇಟ್ಟ. ಬಣ್ಣವಿಲ್ಲದ್ದು.
ನೀರಲ್ಲಿ ಹಾಕಿದರೆ ಸ್ವಲ್ಪ ಹೊಳೆಯುತ್ತೆ, ಸಂಜೆ ಹೊತ್ತು ನೋಡು, ಅಂತ ಬರೆದ.

ಗುಡ್ಡದೊಳಗಿನ ನನ್ನ ಬಾಡಿಗೆ ಕೋಣೆಯಲ್ಲಿ ಸಿಗ್ನಲ್ ಸಿಗುವುದಿಲ್ಲ.
ಶಶಿರೇಖಾಳ ನಂಬರು ನನ್ನಲ್ಲಿದೆ.
ಹತ್ತು ಹೆಜ್ಜೆ ಹೊರಗೆ ಬಂದರೆ ನಕ್ಷತ್ರಗಳಡಿ
ಎರಡು ಕಡ್ಡಿ ಸಿಗ್ನಲ್ ಇರುತ್ತದೆ.
ನಾನು ಹೊರಗೆ ಬರಲಿಲ್ಲ.
ಒಂದು ರಾತ್ರಿಯಲ್ಲ, ನಲವತ್ತೆಂಟು ರಾತ್ರಿ.

ಹಲಗೆಯ ಮೂಲೆಯಲ್ಲಿ ಮಕ್ಕಳು ದಿನಕ್ಕೊಂದು ಗೆರೆ ಎಳೆಯುತ್ತಿದ್ದರು;
ಗುಡಿಸುವವರು ಅದನ್ನು ಒರೆಸುತ್ತಿರಲಿಲ್ಲ.

ನಲವತ್ತೊಂಬತ್ತನೆಯ ಬೆಳಿಗ್ಗೆ:
‘ಕಲ್ಲು ಮುಟ್ಟಿತು. ಬಕೀಟಿನ್ಯಾಗ ಹಾಕಿ ನೋಡಿದೆ. ಹೌದು.
ಒದಿಯೂ ಪ್ರಾಣಿಗೆ ಹೊಟ್ಟಿಮ್ಯಾಲ ಚೀಲ ಯಾಕ?
ನನಗ ಗಣಿತದಾಗ ಇಪ್ಪತ್ತಕ್ಕ ಹನ್ನೊಂದು.
ಇಂತಿ, ಹುಲಿಗೆಮ್ಮ.’

ಅಷ್ಟೇ.
‘ಹಿಂದೆ ನೋಡಿ’ ಅಂದರು ಮಕ್ಕಳು. ತಿರುವಿದೆ.
ಪೆನ್ನಿನಲ್ಲಿ, ಒತ್ತಿ ಒತ್ತಿ ಬರೆದ ದಪ್ಪ ಅಕ್ಷರ:
‘ಮಗಳ ಅಕ್ಷರ ಸೊಟ್ಟ ಅದಾವ. ತಪ್ಪು ತಿಳೀಬ್ಯಾಡ್ರಿ.’
ಪಕ್ಕದಲ್ಲಿ ಹಾಳೆ ಹಿಡಿದ ಹೆಬ್ಬೆರಳ ಕಪ್ಪು ಮಸಿ.

ನಾನಿನ್ನೂ ಇಂಗ್ಲಿಷಿನಲ್ಲಿ ಬಾಯಿ ತೆರೆದಿರಲಿಲ್ಲ.
ಎಲೆನಿ ಎದ್ದು ಬಂದು ಆ ಗುರುತಿನ ಮೇಲೆ
ತನ್ನ ಹೆಬ್ಬೆರಳಿಟ್ಟು ನೋಡಿದಳು.
ಸುತ್ತಲೂ ಕಪ್ಪು ಉಳಿಯಿತು.