ಆರಕ್ಕೂ ಏಳಕ್ಕೂ ನಡುವೆ

ಟಿಬಿಲಿಸಿಯ ವಾರ್ಕೆತಿಲಿಯಲ್ಲಿ
ನಮ್ಮ ಕಟ್ಟಡದ ಲಿಫ್ಟಿಗೆ ಹತ್ತು ತೆತ್ರಿ ತಿನ್ನಿಸಬೇಕಿತ್ತು.
ನಾಣ್ಯ ನುಂಗಿ, ಒಮ್ಮೆ ಕೆಮ್ಮಿ,
ಮನಸ್ಸಿದ್ದರೆ ಮೇಲೇರುವುದು.

ಆಗಸ್ಟ್ ತಿಂಗಳು. ನನಗೆ ಒಂಬತ್ತು.
ಒಳಗೆ ಮೂರೇ ಜನ:
ಕಲ್ಲಂಗಡಿಯನ್ನು ಕೂಸಿನಂತೆ ಅವಚಿಕೊಂಡ ಬದ್ರಿ,
ಮೂವತ್ತು ವರ್ಷ ಟ್ರಾಲಿಬಸ್ಸು ಓಡಿಸಿ ಮನೆಯಲ್ಲಿ ಕೂತ ಮಕ್ವಾಲಾ,
ತರಲು ಹೇಳಿದ ಬ್ರೆಡ್ಡಿನ ಚೂಪು ತುದಿಯನ್ನು
ದಾರಿಯಲ್ಲೇ ತಿಂದು ಮುಗಿಸಿದ್ದ ನಾನು.

ಆರು ದಾಟಿತು.
ಏಳು ಬರಲಿಲ್ಲ.

ಧಡ್ಡೆಂದು ನಿಂತು, ದೀಪ ಹೋಯಿತು.
ಕತ್ತಲೆಂದರೆ ಅಂಥಿಂಥ ಕತ್ತಲಲ್ಲ,
ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ.
ಕಲ್ಲಂಗಡಿ ಕಂಕುಳಲ್ಲೇ ಇಟ್ಟುಕೊಂಡು
ಬದ್ರಿ ಬಾಗಿಲಿಗೆ ಗುದ್ದಿದ, ಒದ್ದ,
ಹೆತ್ತಮ್ಮನನ್ನೂ ಕರೆಂಟಿನವರನ್ನೂ ದೇವರನ್ನೂ
ಒಂದೇ ಉಸಿರಿಗೆ ಕರೆದ.
ಒಂದೊಂದು ಒದೆತಕ್ಕೂ ಪೆಟ್ಟಿಗೆ ತೂಗಿ
ಮೇಲೆಲ್ಲೋ ಹಗ್ಗ ಕಿರ್ರೆಂದಿತು.
ನನ್ನ ಚಡ್ಡಿ ಒದ್ದೆಯಾದದ್ದು ಯಾರಿಗೂ ಕಾಣಲಿಲ್ಲ.
ಕತ್ತಲಿಂದಾದ ಉಪಕಾರ ಅದೊಂದೇ.

"ಬದ್ರೀ" ಎಂದಳು ಮಕ್ವಾಲಾ,
ಮುಂದಿನ ನಿಲ್ದಾಣದ ಹೆಸರು ಕೂಗುವ ದನಿಯಲ್ಲಿ,
"ಮೊದಲು ಕೈಲಿರೋದನ್ನ ಕೆಳಗಿಡು."

ಹೆದರಬೇಡ ಎನ್ನಲಿಲ್ಲ.
ಏನೂ ಆಗೋಲ್ಲ ಎನ್ನಲಿಲ್ಲ.
ಆಗುತ್ತೋ ಇಲ್ಲವೋ ಅವಳಿಗಾದರೂ ಏನು ಗೊತ್ತು?

ಹಣ್ಣು ನೆಲಕ್ಕಿಳಿದ ಸದ್ದು, ಮೆತ್ತಗೆ.
ಆಮೇಲೆ ಬದ್ರಿ ಒದೆಯಲಿಲ್ಲ.
ಕಾಲ ಬಳಿ ಅದಿತ್ತಲ್ಲ.

"ಉಚಾ, ನೀನು ಎಣಿಸು. ಅರವತ್ತಾದಾಗ ಹೇಳು.
ಬದ್ರಿ ಬೀಗದಕೈಯಿಂದ ಮೂರು ಸಲ ತಟ್ಟಲಿ. ಮೂರೇ.
ಹೆಚ್ಚಾದರೆ ಹುಡುಗರ ಆಟ ಅಂದ್ಕೊಳ್ತಾರೆ."

ಎಣಿಸಿದೆ. ಶಾಲೆಯಲ್ಲೂ ಅಷ್ಟು ಜತನದಿಂದ ಎಣಿಸಿದವನಲ್ಲ.
ಒಮ್ಮೆ ಮೂವತ್ತೇಳು ಎರಡು ಸಲ ಬಂತು.
"ಮೂವತ್ತೇಳು ಆಗಲೇ ಹತ್ತಿ ಇಳಿದಾಯ್ತು" ಎಂದಳು,
ಬದ್ರಿ ನಕ್ಕ, ನಗು ಅಳುವಿನ ಹಾಗಿತ್ತು.

ಎಣಿಕೆಗೂ ಎಣಿಕೆಗೂ ನಡುವೆ
ಇನ್ನೊಂದು ಸದ್ದು ಕೇಳುತ್ತಿತ್ತು,
ತಗಡಿಗೆ ಏನೋ ತಾಕುವಂತೆ, ಟಕಟಕ ಟಕಟಕ.
ಕೈ ಚಾಚಿದೆ. ಅವಳ ಮೊಣಕಾಲು.
ಸುಮ್ಮನೆ ಕೈ ಹಿಂದೆ ತೆಗೆದೆ.

ಹನ್ನೊಂದನೆಯ ಅರವತ್ತಿಗೆ ಮೇಲಿಂದ ಯಾರೋ ಕೂಗಿದರು:
"ಒಳಗೆ ಯಾರದು?"
"ಮೂರು ಜನ, ಒಂದು ಹಣ್ಣು!"

ಮೆಕ್ಯಾನಿಕ್ಕು ಬರುವುದು ಒಂದು ಗಂಟೆಯಾಗುತ್ತದಂತೆ.
"ಹಾಗಾದರೆ ಒಡೀರಿ" ಎಂದಳು ಮಕ್ವಾಲಾ.
ಬೀಗದಕೈಯಲ್ಲಿ ಸೀಳಿ, ಮಂಡಿಗೆ ಕೊಟ್ಟು ಎರಡು ಮಾಡಿ,
ಕೈಯಿಂದಲೇ ಬಗೆದು ತಿಂದೆವು.
ರಸ ಮೊಣಕೈವರೆಗೆ ಇಳಿಯಿತು, ಬೀಜ ಕತ್ತಲಿಗೆ ಉಗಿದೆವು.
ಒಂದು ದೊಡ್ಡ ಹೋಳು ಅವಳ ಕೈಜಾರಿ
ನೇರ ನನ್ನ ತೊಡೆಯ ಮೇಲೆ ಬಿತ್ತು.

ಬಾಗಿಲು ತೆರೆದು ಬೆಳಕು ಬಿದ್ದಾಗ
ನನ್ನ ಚಡ್ಡಿ ನೋಡಿ ಅಮ್ಮ ಬೈದದ್ದು
ಕಲ್ಲಂಗಡಿಗೆ ಮಾತ್ರ.
ಮಕ್ವಾಲಾ ಅತ್ತ ತಿರುಗಿಯೂ ನೋಡದೆ
ಮೆಕ್ಯಾನಿಕ್ಕಿನ ಎದುರು ಕೈ ಚಾಚಿ ನಿಂತಿದ್ದಳು,
"ಏಳನೇ ಮಹಡಿಗೆ ಅಂತ ಕೊಟ್ಟದ್ದು.
ನನ್ನ ಹತ್ತು ತೆತ್ರಿ ವಾಪಸ್ಸು ಕೊಡಪ್ಪ."
ಮೂವತ್ತು ವರ್ಷ ಆ ಬಸ್ಸು ಓಡಿಸಿದ ಕೈ
ಜಾರುವಂಥ ಕೈಯಲ್ಲ ಎಂದು
ನನಗೆ ಹೊಳೆದದ್ದು ತುಂಬ ತಡವಾಗಿ,
ಅವಳ ಶವಪೆಟ್ಟಿಗೆಯನ್ನು ಅದೇ ಮೆಟ್ಟಿಲುಗಳಲ್ಲಿ
ಹೆಗಲು ಕೊಟ್ಟು ಇಳಿಸುವಾಗ.

ಕಳೆದ ಚಳಿಗಾಲ, ಬೆಳಗ್ಗೆ,
ನನ್ನ ಮಗಳು ಕೆಸಾನೆ ಓಡಿಬಂದು ಕೈಗೆ ತಾಗಿ
ಕುದಿವ ಚಹಾ ಅವಳ ತೋಳಿನ ಮೇಲೆ ಚೆಲ್ಲಿತು.
ಮನೆಯೆಲ್ಲ ಕೂಗು. ಹೆಂಡತಿ ಬೆಣ್ಣೆ ಎಂದಳು,
ಅತ್ತೆ ಟೂತ್‌ಪೇಸ್ಟು ಎಂದಳು,
ನಾನು ಕೆಟಲು ಹಿಡಿದು ಕಂಬದಂತೆ ನಿಂತಿದ್ದೆ.

ಮೊದಲು ಕೈಲಿರೋದನ್ನ ಕೆಳಗಿಟ್ಟೆ.

ತೋಳನ್ನು ನಲ್ಲಿಯ ಕೆಳಗೆ ಹಿಡಿದೆ.
"ಎಣಿಸು ಮಗಳೇ. ಇಪ್ಪತ್ತು ಅರವತ್ತು ಆಗಬೇಕು."
ಬಿಕ್ಕುತ್ತ ಶುರುಮಾಡಿದಳು. ಐದು. ಆರು. ಏಳು.
ನೀರು ಸುರಿಯುತ್ತಿತ್ತು,
ನನ್ನ ದನಿ ನನಗೇ ಗುರುತು ಸಿಗದಷ್ಟು ಸಮವಾಗಿತ್ತು.

ಇಪ್ಪತ್ತೆರಡಕ್ಕೆ ನಿಲ್ಲಿಸಿ
ಸಿಂಕಿನ ಕೆಳಗಿನ ಕಪಾಟಿನತ್ತ ಕಿವಿಗೊಟ್ಟು ಕೇಳಿದಳು:
"ಅಪ್ಪಾ, ಅದ್ಯಾರು ಬಾಗಿಲು ತಟ್ಟೋದು?"